9 ಕೆ.ಜಿ. ಇಳಿಯಿತು, 11 ಕೆ.ಜಿ. ವಾಪಸ್ ಬಂತು

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಎತ್ತರ 156 ಸೆಂ.ಮೀ. ಮೂರು ವರ್ಷದ ಹಿಂದೆ 69 ಕೆ.ಜಿ. ಇದ್ದೆ. ಅನ್ನ, ರೊಟ್ಟಿ ಪೂರ್ತಿ ಬಿಟ್ಟು ಕೀಟೋ ಮಾಡಿ ನಾಲ್ಕೇ ತಿಂಗಳಲ್ಲಿ 60ಕ್ಕೆ ಬಂದೆ. ಎಲ್ಲರೂ ಹೊಗಳಿದರು. ನಾದಿನಿ ಮದುವೆಯಲ್ಲಿ ಮತ್ತೆ ಊಟ ಶುರುವಾಯಿತು. ಒಂದೂವರೆ ವರ್ಷದಲ್ಲಿ 71 ಆದೆ. ಈಗ ಆರು ತಿಂಗಳಿಂದ ಅಲ್ಲೇ ಇದ್ದೇನೆ. ಸೊಂಟ 92 ಸೆಂ.ಮೀ. ಥೈರಾಯ್ಡ್ ನಾರ್ಮಲ್. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 5.9, ಗಡಿಯಲ್ಲಿದೆ ಎಂದರು. ಅಮ್ಮನಿಗೆ ಶುಗರ್ ಇದೆ. ನಮ್ಮ ಮನೆಯವರಿಗೆ 46 ವರ್ಷ, 168 ಸೆಂ.ಮೀ., 70 ಕೆ.ಜಿ. ಮದುವೆಯಾದಾಗ 58 ಇದ್ದರು. ಬಟ್ಟೆ ಅಂಗಡಿ, ರಾತ್ರಿ ಒಂಬತ್ತೂವರೆವರೆಗೆ ಗಲ್ಲಾದಲ್ಲಿ ಕೂತಿರುತ್ತಾರೆ. ‘ನಾನೇನು ದಪ್ಪ ಇಲ್ವಲ್ಲ’ ಅನ್ನುತ್ತಾರೆ, ಆದರೆ ಹೊಟ್ಟೆ ಬಂದಿದೆ. ಮನೆಯಲ್ಲಿ ಐದು ಜನ, ತಿಂಗಳಿಗೆ 5 ಲೀಟರ್ ಎಣ್ಣೆ. ನನಗೆ ಇಳಿಸುವುದು ಗೊತ್ತು, ಉಳಿಸಿಕೊಳ್ಳುವುದು ಗೊತ್ತಿಲ್ಲ. ಕೀಟೋ, 16 ಗಂಟೆ ಉಪವಾಸ, ಜಿಮ್, ಪೌಡರ್, ಈಗ ಇಂಜೆಕ್ಷನ್ ಅಂತಾರೆ. ಯಾವುದು ನಿಲ್ಲುತ್ತದೆ? ನನಗೇ ಮನಸ್ಸು ಗಟ್ಟಿ ಇಲ್ಲ ಅನ್ನಿಸುತ್ತದೆ.

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ದಾವಣಗೆರೆಯಲ್ಲಿದ್ದುಕೊಂಡು ನಾಲ್ಕು ತಿಂಗಳು ಬೆಣ್ಣೆ ದೋಸೆ ಮುಟ್ಟದೆ ಇದ್ದವರಿಗೆ ಮನಸ್ಸು ಗಟ್ಟಿ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಿಮ್ಮ ಕಷ್ಟ ಬೇರೆ ಕಡೆ ಇದೆ. ಇಳಿಸುವುದನ್ನು ನೀವು ಕಲಿತಿರಿ. ನಿಲ್ಲಿಸುವುದನ್ನು ಯಾರೂ ಹೇಳಿಕೊಡಲಿಲ್ಲ. ಇವೆರಡೂ ಒಂದೇ ಕೆಲಸ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅಲ್ಲ.

ತೂಕ ಇಳಿದಾಗ ಖುಷಿಪಡುವವರು ನಾವು. ದೇಹಕ್ಕೆ ಅದು ಬರಗಾಲದ ಸುದ್ದಿ. ಕೊಬ್ಬಿನ ಕೋಶಗಳಿಂದ ಲೆಪ್ಟಿನ್ ಎಂಬ ಹಾರ್ಮೋನು ಬರುತ್ತದೆ, ಮೆದುಳಿಗೆ ‘ದಾಸ್ತಾನು ಸಾಕಷ್ಟಿದೆ’ ಎಂದು ಹೇಳುತ್ತದೆ. ಕೊಬ್ಬು ಕರಗಿದರೆ ಅದೂ ಇಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಂದು ವರ್ಷ ಬಿಟ್ಟು ಪರೀಕ್ಷಿಸಿದಾಗಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಜಾಸ್ತಿಯೇ ಇತ್ತು. ಅದಕ್ಕೂ ಹಳೆಯ ಕಥೆ ಅಮೆರಿಕದ ಮಿನೆಸೋಟಾದ್ದು. 1944-45ರಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರ್ಧ ಹೊಟ್ಟೆ ಊಟ ಕೊಟ್ಟರು. ಊಟ ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ ಅವರಿಗೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಬೇಕಾದಷ್ಟು ತಿನ್ನಿ ಎಂದು ಬಿಟ್ಟಾಗ, ಹೊಟ್ಟೆ ತುಂಬಿದರೂ ತಿನ್ನುವುದು ನಿಲ್ಲಲಿಲ್ಲ.

ಇನ್ನೊಂದು ವಿಷಯ. 69ರಿಂದ 60ಕ್ಕೆ ಇಳಿದ ದೇಹ, ಮೊದಲಿನಿಂದಲೂ 60 ಇದ್ದ ದೇಹಕ್ಕಿಂತ ಸ್ವಲ್ಪ ಕಡಿಮೆ ಶಕ್ತಿ ಖರ್ಚು ಮಾಡುತ್ತದೆ. ಹಸಿವು ಮೇಲೆ, ಖರ್ಚು ಕೆಳಗೆ. ಅಂಥ ಹೊತ್ತಲ್ಲಿ ನಾದಿನಿ ಮದುವೆ ಬಂತು. 9 ಹೋಗಿದ್ದು ಬಡ್ಡಿ ಸಮೇತ 11 ಆಗಿ ಬಂದಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಬೇಗ ಇಳಿಸುವಾಗ ಕೊಬ್ಬಿನ ಜತೆ ಮಾಂಸಖಂಡವೂ ಕರಗುತ್ತದೆ. ಏರುವಾಗ ಬಹುಪಾಲು ಕೊಬ್ಬೇ ಬರುತ್ತದೆ. ನನಗೆ ಚಿಂತೆ ಇರುವುದು ಇದರದ್ದೇ, ತೂಕದ ಯಂತ್ರದಲ್ಲಿ ಇದು ಕಾಣುವುದಿಲ್ಲ.

ಕ್ಲಿನಿಕ್‌ನಲ್ಲಿ ದಿನಾ ಕೇಳುವ ಕೆಲವು ಮಾತುಗಳಿವೆ. ‘ನಲವತ್ತಾದ ಮೇಲೆ ಮೆಟಬಾಲಿಸಂ ನಿಂತುಬಿಡುತ್ತದೆ’ ಎನ್ನುವುದು ಒಂದು. 2021ರಲ್ಲಿ ಹಲವು ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟು ಸೇರಿಸಿ ನೋಡಿದರು. ದೇಹದ ಗಾತ್ರದ ಲೆಕ್ಕ ತೆಗೆದರೆ 20ರಿಂದ 60ನೇ ವಯಸ್ಸಿನವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ. ನಲವತ್ತರಲ್ಲಿ ಬದಲಾಗುವುದು ನಮ್ಮ ದಿನಚರಿ. ಸೈಕಲ್ ಹೋಗಿ ಸ್ಕೂಟರ್ ಬರುತ್ತದೆ. ನಿದ್ದೆ ಕಡಿಮೆಯಾಗುತ್ತದೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ತಾಯಂದಿರು ತಿಂದು ಮುಗಿಸುತ್ತಾರೆ.

ಥೈರಾಯ್ಡ್ ಮೇಲೆ ಬರುವ ಅಪವಾದವೂ ದೊಡ್ಡದು. ಅದು ನಿಜಕ್ಕೂ ಕಡಿಮೆಯಿದ್ದರೂ ಸಾಮಾನ್ಯವಾಗಿ ಏರುವುದು 2ರಿಂದ 5 ಕೆ.ಜಿ., ಅದರಲ್ಲೂ ಬಹಳಷ್ಟು ಉಪ್ಪು-ನೀರು. ನಿಮ್ಮದು ನಾರ್ಮಲ್ ಇದೆ, ಸುಮ್ನೆ ಪದೇ ಪದೇ ಟೆಸ್ಟ್ ಮಾಡಿಸಬೇಡಿ. ಬೇರೆ ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಮಾತ್ರ ವೈದ್ಯರಿಗೆ ಹೇಳಿ. ಸ್ಟೀರಾಯ್ಡ್, ಶುಗರ್‌ಗೆ ಕೊಡುವ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್, ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್, ಮನೋರೋಗದ ಕೆಲವು ಔಷಧಿಗಳು ತೂಕ ಏರಿಸುತ್ತವೆ. ಹಾಗಂತ ನೀವೇ ನಿಲ್ಲಿಸುವುದು ಬೇಡ.

ಅನ್ನ ಬಿಟ್ಟು ಮುದ್ದೆ, ಅನ್ನ ಬಿಟ್ಟು ಚಪಾತಿ ಎನ್ನುವುದು ಮತ್ತೊಂದು. ನೂರು ಗ್ರಾಂ ರಾಗಿಯಲ್ಲೂ ಗೋಧಿ ಹಿಟ್ಟಿನಲ್ಲೂ ಸುಮಾರು 320 ಕ್ಯಾಲೊರಿ. ಅಕ್ಕಿಯಲ್ಲಿ ಸುಮಾರು 355. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಖಂಡಿತ ಒಳ್ಳೆಯದು. ಆದರೆ ಎರಡು ದೊಡ್ಡ ಮುದ್ದೆ ಉಂಡು, ಮೇಲೆ ‘ಒಂಚೂರು’ ಅನ್ನ-ಸಾರು ಉಂಡರೆ ಲೆಕ್ಕ ಎಲ್ಲಿ ಉಳಿಯಿತು? ಬೆಳಿಗ್ಗೆ ಜೇನು-ನಿಂಬೆ ನೀರು ಕುಡಿಯುವವರು ಕುಡಿಯಲಿ, ಅದು ಕೊಬ್ಬನ್ನು ಕರಗಿಸುವುದಿಲ್ಲ. ಸಕ್ಕರೆ ಬದಲು ಸ್ವೀಟ್ನರ್ ಗುಳಿಗೆಯನ್ನೂ ತೂಕ ಹತೋಟಿಗೆಂದು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಈಗ ನಿಮ್ಮ ಮನೆಯವರ ವಿಷಯ. ‘ದಪ್ಪ ಇಲ್ವಲ್ಲ’ ಎಂಬ ಮಾತು ನಮ್ಮ ದೇಶದಲ್ಲಿ ತುಂಬಾ ಜನರ ಕಣ್ಣಿಗೆ ಮಣ್ಣೆರಚಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಅವರದು 21.2. ನೋಡಲು ಸಣ್ಣ, ಒಳಗೆ ಕೊಬ್ಬು. ನಮ್ಮಲ್ಲಿ ಬಹಳ ಜನರ ಮೈಕಟ್ಟು ಹೀಗೇ. ಇದರ ಬೇರು ಹುಟ್ಟಿನ ತೂಕದವರೆಗೂ ಹೋಗುತ್ತದೆ ಎನ್ನುವುದಕ್ಕೆ ಸುಳಿವು ಸಿಕ್ಕಿದ್ದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ನನಗೆ ಇದು ಬಹಳ ಇಷ್ಟದ ಸಂಗತಿ, ಅದಕ್ಕೇ ನಡುವೆ ತಂದೆ.

ಒಳಗೆ ಕೊಬ್ಬಿರುವ ಈ ಮೈಕಟ್ಟಿನಿಂದಾಗಿಯೇ ಭಾರತೀಯರಿಗೆ ಗೆರೆಯನ್ನು ಕೆಳಗೆ ಎಳೆದಿದ್ದಾರೆ. ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮಿತಿ. ಮನೆಯವರದು 24.8 ಆಗುತ್ತದೆ. ನಿಮ್ಮದು 29.2. ಅವರ ಸೊಂಟವನ್ನು ನೀವು ಬರೆದಿಲ್ಲ, ಹೊಕ್ಕುಳಿನ ಮಟ್ಟದಲ್ಲಿ ಟೇಪ್ ಹಿಡಿದು ನೋಡಿ. ಪ್ಯಾಂಟಿನ ಸೈಜ್ ನಂಬಬೇಡಿ. ಹೊಟ್ಟೆ ಕೆಳಗೆ ಪ್ಯಾಂಟ್ ಕಟ್ಟುವ ಗಂಡಸರಿಗೆ ಇಪ್ಪತ್ತು ವರ್ಷವೂ ಒಂದೇ ಸೈಜ್!

ಇನ್ನು ನೀವು ಕೇಳಿದ ದಾರಿಗಳು. ಕೀಟೋ, ಕಡಿಮೆ ಕೊಬ್ಬು ಎಂಬ ಜಗಳಕ್ಕೆ 2018ರ ಸ್ಟ್ಯಾನ್‌ಫರ್ಡ್ ಅಧ್ಯಯನ ನೀರು ಹಾಕಿತು. 609 ಜನ, ಒಂದು ವರ್ಷ. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ. ಇಳಿದರು, ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು 6. ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲ. ಎರಡೂ ಗುಂಪಿನಲ್ಲಿ 20 ಕೆ.ಜಿ.ಗಿಂತ ಜಾಸ್ತಿ ಇಳಿಸಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಕೀಟೋದಲ್ಲಿ ಮೊದಲ ವಾರ ಕಾಣುವ ಭಾರಿ ಇಳಿಕೆಯಲ್ಲಿ ಹೆಚ್ಚಿನದು ನೀರು. ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಮಲಬದ್ಧತೆ ಬರುತ್ತದೆ. ಡಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಐಸಿಯು ಸೇರುವ ಅಪಾಯವಿದೆ. ಅಮ್ಮನಿಗೆ ಈ ಸಲಹೆ ಕೊಡಲು ಹೋಗಬೇಡಿ.

16 ಗಂಟೆ ಉಪವಾಸವೂ ಅಷ್ಟೇ. ಚೀನಾದ ಗ್ವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನೋಡಿದರು, 2022ರಲ್ಲಿ ಫಲಿತಾಂಶ ಬಂತು. ಬರೀ ಕ್ಯಾಲೊರಿ ಕಡಿಮೆ ಮಾಡಿದವರಿಗೂ, ಅದರ ಜತೆ ಎಂಟು ಗಂಟೆಯೊಳಗೇ ಊಟ ಮುಗಿಸಿದವರಿಗೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಗಡಿಯಾರ ನೋಡಿ ಉಣ್ಣುವುದು ಕೆಲವರಿಗೆ ಸುಲಭ, ಅಂಥವರು ಮಾಡಲಿ. ಉಳಿದ ಎಂಟು ಗಂಟೆಯಲ್ಲಿ ಏನು ತಿಂದಿರಿ ಎನ್ನುವುದು ಎಲ್ಲೂ ಹೋಗುವುದಿಲ್ಲ. ಏಕಾದಶಿ ಉಪವಾಸಕ್ಕೆ ತುಪ್ಪದ ಸಾಬೂದಾನಿ ಖಿಚಡಿ ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೇಲಿರುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು. ಶುಗರ್ ತೀರಾ ಇಳಿದು ಬಿದ್ದುಬಿಡುತ್ತಾರೆ.

ವಾಕಿಂಗ್, ಜಿಮ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಳಿಸುವುದಕ್ಕೆ ವ್ಯಾಯಾಮ ಅಷ್ಟೇನೂ ಕೈ ಹಿಡಿಯುವುದಿಲ್ಲ. 70 ಕೆ.ಜಿ.ಯವರು ಒಂದು ಗಂಟೆ ಬಿರುಸಾಗಿ ನಡೆದರೆ ಸುಮಾರು 250 ಕ್ಯಾಲೊರಿ ಹೋಗುತ್ತದೆ. ಬರುವ ದಾರಿಯಲ್ಲಿ ಎರಡು ಮಿರ್ಚಿ, ಒಂದು ಪ್ಲೇಟ್ ಮಂಡಕ್ಕಿ ತಿಂದರೆ ಲೆಕ್ಕ ಚುಕ್ತಾ. ಆದರೆ ಇಳಿದದ್ದನ್ನು ಉಳಿಸಿಕೊಳ್ಳುವ ಹಂತದಲ್ಲಿ ಅದೇ ವಾಕಿಂಗ್ ದೊಡ್ಡ ಆಸರೆ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ. 13.6 ಕೆ.ಜಿ. ಇಳಿಸಿ ಕನಿಷ್ಠ ಒಂದು ವರ್ಷ ಹಾಗೇ ಉಳಿಸಿಕೊಂಡವರು ಮಾತ್ರ ಅದಕ್ಕೆ ಸೇರಬಹುದು. 10,000ಕ್ಕೂ ಹೆಚ್ಚು ಜನ ಸೇರಿದ್ದಾರೆ. ಅವರ ಊಟದ ಪದ್ಧತಿ ಒಬ್ಬೊಬ್ಬರದು ಒಂದೊಂದು. ಆದರೆ ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಆಡಿಸುತ್ತಾರೆ, ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಗೆದ್ದವರ ಪಟ್ಟಿ ಇದು, ಸೋತವರು ಏನು ಮಾಡಿದ್ದರೋ ಇದರಲ್ಲಿ ಕಾಣುವುದಿಲ್ಲ. ಆದರೂ ನನ್ನ ಬಳಿ ಬಂದು ತೂಕ ಉಳಿಸಿಕೊಂಡವರಲ್ಲೂ ನಾನು ಕಂಡದ್ದು ಹೆಚ್ಚುಕಡಿಮೆ ಇದೇ.

ಪೌಡರ್ ಡಬ್ಬಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಹೊತ್ತಿನ ಊಟದ ಬದಲು ಪೌಡರ್ ಕುಡಿದರೆ ತೂಕ ಇಳಿಯುವುದು ನಿಜ. ಎಷ್ಟು ವರ್ಷ ಕುಡಿಯುತ್ತೀರಿ? ಲೇಬಲ್ ಸರಿಯಿಲ್ಲದ, ಪರಿಚಯದವರ ಕೈಯಿಂದ ಬರುವ ‘ಸ್ಲಿಮ್ಮಿಂಗ್’ ಕ್ಯಾಪ್ಸೂಲ್ ಮಾತ್ರ ಮುಟ್ಟಲೇಬೇಡಿ. ಹೃದಯಕ್ಕೆ ಅಪಾಯ ಎಂದು 2010ರಲ್ಲಿ ಯುರೋಪ್, ಅಮೆರಿಕದ ಮಾರುಕಟ್ಟೆಯಿಂದ ಹೊರಹೋದ ಸಿಬುಟ್ರಮಿನ್ ಎಂಬ ಔಷಧಿ ಅಂಥವುಗಳಲ್ಲಿ ಗುಟ್ಟಾಗಿ ಸೇರಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಇಂಜೆಕ್ಷನ್ ಬಗ್ಗೆ ಈಗ ದಿನಕ್ಕೆ ಮೂರ್ನಾಲ್ಕು ಜನ ಕೇಳುತ್ತಾರೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು, ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ ಜೂನ್‌ನಲ್ಲಿ. ಇವು ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನ ಬೇಡ. ದೊಡ್ಡ ಅಧ್ಯಯನವೊಂದರಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರು 68 ವಾರದಲ್ಲಿ ಸರಾಸರಿ ತೂಕದ 14.9 ಶೇಕಡಾ ಇಳಿದರು. ಹೋಲಿಕೆಗೆಂದು ಔಷಧಿಯಿಲ್ಲದ ಸುಳ್ಳು ಇಂಜೆಕ್ಷನ್ ಪಡೆದವರು 2.4. ಆದರೆ ನಿಮ್ಮ ಪ್ರಶ್ನೆ ಉಳಿಸಿಕೊಳ್ಳುವುದರ ಬಗ್ಗೆ ಅಲ್ವಾ? ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ಹಾರ್ಮೋನಿನ ಕಥೆ ಮೊದಲೇ ಹೇಳಿದೆನಲ್ಲ, ಔಷಧಿ ಆ ಹಸಿವನ್ನು ಅದುಮಿ ಹಿಡಿದಿರುತ್ತದೆ. ಕೈ ತೆಗೆದರೆ ಅದು ಎದ್ದು ಬರುತ್ತದೆ. ಬಿಪಿ ಮಾತ್ರೆ ಹಾಗೆ ಬಹುಕಾಲ ತೆಗೆದುಕೊಳ್ಳುವ ಔಷಧಿ ಎಂದುಕೊಂಡೇ ಶುರು ಮಾಡಬೇಕು, ಖರ್ಚನ್ನೂ ಹಾಗೇ ಲೆಕ್ಕ ಹಾಕಬೇಕು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಊತ ಬರಬಹುದು. ಊಟ ಸೇರದೆ ಪ್ರೋಟೀನ್ ಕಡಿಮೆಯಾದರೆ ಮಾಂಸಖಂಡ ಹೋಗುತ್ತದೆ. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದರೆ, ಗರ್ಭಿಣಿಯಾಗಿದ್ದರೆ ಕೂಡದು. ಸಾಮಾನ್ಯವಾಗಿ ಬಿಎಂಐ 30 ಇದ್ದವರಿಗೆ, ಇಲ್ಲವೇ 27ರ ಮೇಲಿದ್ದು ಜತೆಗೆ ಬಿಪಿ, ಶುಗರ್‌ನಂಥ ತೊಂದರೆ ಇರುವವರಿಗೆ ಇವನ್ನು ಕೊಡುತ್ತೇವೆ. ಮನೆಯವರಿಗೆ ಬೇಡವೇ ಬೇಡ. ನಿಮಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ನಾನಾಗಿದ್ದರೆ ಒಂದು ವರ್ಷ ಕಾಯುತ್ತಿದ್ದೆ. ಕಾರಣ ಮುಂದೆ ಹೇಳುತ್ತೇನೆ. ತೂಕ ಇಳಿಸಲು ಮಾಡುವ ಹೊಟ್ಟೆಯ ಆಪರೇಷನ್ ಸದ್ಯ ನಿಮ್ಮ ಪ್ರಶ್ನೆಯೇ ಅಲ್ಲ.

ಕಾರಣ ಇದು. ಆರು ತಿಂಗಳಿಂದ ನೀವು 71ರಲ್ಲೇ ಇದ್ದೀರಿ. ನಿಮಗೆ ಅದು ಸೋಲಿನ ಹಾಗೆ ಕಂಡಿದೆ. ನನಗೆ ನಿಮ್ಮ ಪತ್ರದಲ್ಲಿ ಕಂಡ ಒಳ್ಳೆಯ ಸುದ್ದಿಯೇ ಅದು. ಸ್ಟ್ಯಾನ್‌ಫರ್ಡ್‌ನವರದೇ ಇನ್ನೊಂದು ಪ್ರಯೋಗವಿದೆ, 267 ಹೆಂಗಸರ ಮೇಲೆ. ಅರ್ಧ ಜನ ಮಾಮೂಲಿನಂತೆ ಮೊದಲು ಇಳಿಸಿದರು, ಆಮೇಲೆ ಉಳಿಸಿಕೊಳ್ಳುವುದನ್ನು ಕಲಿತರು. ಇನ್ನರ್ಧ ಜನರಿಗೆ ಮೊದಲ ಎಂಟು ವಾರ ಇಳಿಸುವ ಮಾತೇ ಇಲ್ಲ. ಇದ್ದ ತೂಕವನ್ನು ಅಲ್ಲಾಡದಂತೆ ಇಟ್ಟುಕೊಳ್ಳುವುದಷ್ಟೇ ಪಾಠ. ದಿನಾ ತೂಕ ಎಷ್ಟು ಆಚೀಚೆ ಆಗುತ್ತದೆ ನೋಡುವುದು, ಇಷ್ಟದ ತಿಂಡಿಯನ್ನು ಬಿಡದೆ ಸ್ವಲ್ಪವೇ ಸವಿದು ತಿನ್ನುವುದು, ಪ್ರವಾಸಕ್ಕೆ ಮೊದಲೇ ಸ್ವಲ್ಪ ಕಡಿಮೆ ತಿಂದು ಜಾಗ ಮಾಡಿಕೊಳ್ಳುವುದು, ಇಂಥವು. ಆಮೇಲೆ ಇಳಿಸಿದರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಅಷ್ಟು ಇಳಿಯಿತು. ಒಂದು ವರ್ಷ ಬಿಟ್ಟು ನೋಡಿದರೆ, ಮೊದಲು ಇಳಿಸಿದವರಿಗೆ 3 ಕೆ.ಜಿ.ಗಿಂತ ಜಾಸ್ತಿ ವಾಪಸ್ ಬಂದಿತ್ತು. ಮೊದಲು ನಿಲ್ಲಲು ಕಲಿತವರಿಗೆ ಒಂದೂವರೆ ಕೆ.ಜಿ.ಯೊಳಗೆ.

ಹಾಗಾಗಿ ಮೇಡಂ, ಎರಡು ತಿಂಗಳು ಇಳಿಸಲು ಹೋಗಬೇಡಿ. ಒಂದು ತೂಕದ ಯಂತ್ರ ತನ್ನಿ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮುಟ್ಟಿನ ದಿನಗಳಲ್ಲಿ, ಉಪ್ಪಿನಕಾಯಿ-ಹಪ್ಪಳದ ಊಟದ ಮರುದಿನ ಒಂದೆರಡು ಕೆ.ಜಿ. ಏರಿದರೆ ಗಾಬರಿ ಬೇಡ, ಅದು ನೀರು. ವಾರದ ಸರಾಸರಿ ನೋಡಿ. ಅದು ಒಂದೂವರೆ ಕೆ.ಜಿ. ಏರಿದರೆ ಎಚ್ಚರ, ಎರಡೂಕಾಲು ಏರಿದರೆ ಅಂದೇ ಏನಾದರೂ ಮಾಡಬೇಕು. ಈ ಗೆರೆಗಳು ನನ್ನವಲ್ಲ. 2006ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಿದ್ದ 314 ಜನರ ಮೇಲೆ ನಡೆದ ಪ್ರಯೋಗದ್ದು. ಬರೀ ಮಾಹಿತಿ ಪತ್ರ ಪಡೆದವರಲ್ಲಿ 72 ಶೇಕಡಾ ಮಂದಿಗೆ ಹದಿನೆಂಟು ತಿಂಗಳಲ್ಲಿ ಎರಡೂಕಾಲು ಕೆ.ಜಿ.ಗಿಂತ ಜಾಸ್ತಿ ವಾಪಸ್ ಬಂತು. ಇಂಟರ್ನೆಟ್ ಮೂಲಕ ಪಾಠ ಕೇಳಿದವರಲ್ಲಿ 55. ಎದುರಾಬದುರು ಕೂತು ಮಾತಾಡಿದವರಲ್ಲಿ 46. ನೋಡಿ, ಒಬ್ಬ ಮನುಷ್ಯ ಎದುರಿಗಿದ್ದರೆ ಅಷ್ಟು ವ್ಯತ್ಯಾಸ. ಸ್ಟಾಫ್‌ರೂಮಿನಲ್ಲಿ ಒಬ್ಬ ಗೆಳತಿಯನ್ನು ಹಿಡಿದುಕೊಳ್ಳಿ, ಪ್ರತಿ ಸೋಮವಾರ ಒಬ್ಬರಿಗೊಬ್ಬರು ಅಂಕಿ ತೋರಿಸಿ. ತೂಕ ನೋಡಿದರೆ ಮನಸ್ಸು ಕೆಟ್ಟು ಊಟವನ್ನೇ ಬಿಡುವ ಸ್ವಭಾವ ನಿಮ್ಮದಾಗಿದ್ದರೆ ಮಾತ್ರ ಈ ದಾರಿ ಬೇಡ, ವಾರಕ್ಕೊಮ್ಮೆ ಸೊಂಟ ಅಳೆದರೆ ಸಾಕು.

ಎರಡು ತಿಂಗಳಾದ ಮೇಲೆ 67ಕ್ಕೆ ಇಳಿಯಿರಿ. 60ರ ಆಸೆ ಸದ್ಯಕ್ಕೆ ಬದಿಗಿಡಿ. 67ರಲ್ಲಿ ಆರು ತಿಂಗಳು ನಿಲ್ಲಿ, ಆಮೇಲೆ ಮುಂದಿನದು. ನಿಮ್ಮ ಅಡುಗೆಮನೆಯಲ್ಲಿ ಶುರು ಮಾಡಬೇಕಾದ ಜಾಗ ಎಣ್ಣೆ ಕ್ಯಾನು. ಐದು ಜನಕ್ಕೆ 5 ಲೀಟರ್ ಎಂದರೆ ತಲೆಗೆ ದಿನಕ್ಕೆ ಸುಮಾರು 270 ಕ್ಯಾಲೊರಿ ಎಣ್ಣೆಯಿಂದಲೇ. ಅದನ್ನು ಮೂರೂವರೆ ಲೀಟರ್ ಮಾಡಿದರೆ ಯಾರ ತಟ್ಟೆಯಿಂದಲೂ ಏನನ್ನೂ ತೆಗೆಯದೆ ತಲೆಗೆ ದಿನಕ್ಕೆ 80 ಉಳಿಯಿತು. ರೊಟ್ಟಿ ಇರಲಿ, ಮೂರರ ಬದಲು ಎರಡು. ಪಲ್ಯ, ಮೊಳಕೆ ಕಾಳು, ಮೊಸರು ಜಾಸ್ತಿ ಮಾಡಿ. ಶೇಂಗಾ ಚಟ್ನಿಪುಡಿ ಒಂದು ಚಮಚಕ್ಕೆ ನಿಲ್ಲಲಿ, ಮೇಲೆ ಎಣ್ಣೆ ಸುರಿಯಬೇಡಿ. ದಿನಕ್ಕೆ 55-60 ಗ್ರಾಂ ಪ್ರೋಟೀನ್ ಬೇಕು ನಿಮಗೆ, ಮೊಟ್ಟೆ ತಿನ್ನುವವರಾದರೆ ಸುಲಭ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಇಂಥ ಬಲದ ವ್ಯಾಯಾಮ ಮಾಡಿ. ಕಳೆದ ಸಲ ಹೋದ ಮಾಂಸಖಂಡ ವಾಪಸ್ ಬರಬೇಕಲ್ಲ.

ಶುಗರ್ ಗಡಿಯಲ್ಲಿರುವ ನಿಮಗೆ ಇನ್ನೊಂದು ಮಾತು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದೇ ಗಡಿಯಲ್ಲಿದ್ದ ಭಾರತೀಯರು ಊಟ, ನಡಿಗೆ ಸರಿಮಾಡಿಕೊಂಡಾಗ ಮಧುಮೇಹ ಬರುವ ಸಾಧ್ಯತೆ 28.5 ಶೇಕಡಾ ಕಡಿಮೆಯಾಯಿತು. ಅವರ ತೂಕ ಇಳಿದೇ ಇರಲಿಲ್ಲ! ಯಂತ್ರದ ಮುಳ್ಳು ಅಲ್ಲಾಡದ ವಾರಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

ಮನೆಯವರ ಕೆಲಸ ನಿಮ್ಮದಕ್ಕಿಂತ ಸುಲಭ, ಏಕೆಂದರೆ ಏರದಂತೆ ನೋಡಿಕೊಳ್ಳುವುದು ಇಳಿಸುವುದಕ್ಕಿಂತ ಹಗುರ. ಅಮೆರಿಕದಲ್ಲಿ 18ರಿಂದ 35 ವಯಸ್ಸಿನ 599 ಜನರ ಮೇಲೆ ಎರಡು ಉಪಾಯ ಹೋಲಿಸಿದರು. ಒಂದು ಗುಂಪು ದಿನಾ 100 ಕ್ಯಾಲೊರಿ ಕಡಿಮೆ ತಿಂದು 100 ಹೆಚ್ಚು ಖರ್ಚು ಮಾಡುವ ಸಣ್ಣ ಬದಲಾವಣೆ ಮಾಡಿತು. ಇನ್ನೊಂದು ಮೊದಲೇ ಎರಡೂಕಾಲರಿಂದ ನಾಲ್ಕೂವರೆ ಕೆ.ಜಿ. ಇಳಿಸಿ, ಮುಂದೆ ಏರಿದರೂ ಇರಲಿ ಎಂದು ಜಾಗ ಮಾಡಿಕೊಂಡಿತು. ಮೂರು ವರ್ಷದಲ್ಲಿ ಸಣ್ಣ ಬದಲಾವಣೆಯವರು ಅರ್ಧ ಕೆ.ಜಿ. ಇಳಿದಿದ್ದರು, ಜಾಗ ಮಾಡಿಕೊಂಡವರು 2.37. ಅಲ್ಲಿನ ಲೆಕ್ಕದ ಬೊಜ್ಜಿನ ಗೆರೆ ದಾಟಿದವರು ಎರಡೂ ಗುಂಪಿನಲ್ಲಿ 8 ಶೇಕಡಾ ಆಸುಪಾಸು, ಏನೂ ಮಾಡದವರಲ್ಲಿ ಸುಮಾರು 17. ನಿಮ್ಮ ಮನೆಯವರ ವಯಸ್ಸು ಹೆಚ್ಚು, ಆದರೂ ಲೆಕ್ಕ ಅದೇ. ಅವರಿಗೆ ನನ್ನ ಸಲಹೆ ಎರಡನೆಯದು, 67ಕ್ಕೆ ಬರಲಿ. ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬ ಉಂಡು ಹಾಸಿಗೆ ಸೇರುತ್ತಾರೆ ಅಂತ ನನ್ನ ಊಹೆ. ಏಳೂವರೆಗೆ ಅಂಗಡಿಗೇ ಡಬ್ಬಿ ಕಳಿಸಿ, ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಸಾಕು. ಗಿರಾಕಿ ಜತೆ ಕುಡಿಯುವ ಪ್ರತಿ ಟೀಗೆ ಎರಡು ಚಮಚ ಸಕ್ಕರೆ ಎಂದರೆ 40 ಕ್ಯಾಲೊರಿ, ದಿನಕ್ಕೆ ಎಷ್ಟು ಟೀ ಆಗುತ್ತದೆ ಅವರನ್ನೇ ಎಣಿಸಲು ಹೇಳಿ. ನೀವು ಹೇಳಿದರೆ ಜಗಳ ಆಗುತ್ತದೆ!

ನಿಮ್ಮ ಎಚ್‌ಬಿಎ1ಸಿ ಆರು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ಕೊಲೆಸ್ಟ್ರಾಲ್, ಬಿಪಿಯನ್ನೂ ನೋಡಿಸಿ. ಮನೆಯವರ ರಕ್ತ ಪರೀಕ್ಷೆಯ ಮಾತೇ ಪತ್ರದಲ್ಲಿಲ್ಲ. ಅಂಗಡಿ ರಜೆ ಇರುವ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ. ಬರುವಾಗ ಬೆಣ್ಣೆ ದೋಸೆ ತಿನ್ನಿ, ಇಬ್ಬರೂ ಒಂದೊಂದೇ.